ಹೆಸರಿಲ್ಲದ ನಿರ್ಣಯ ತರುವಂತಿಲ್ಲ

ಇದನ್ನು ಬರೆಯುವ ಅರ್ಹತೆ ನನಗಿದೆಯೇ ಎಂದು ಮೂರು ಜನರನ್ನು ಕೇಳಿದೆ. ನಮ್ಮ ಹೆಡ್ ಕ್ಲರ್ಕ್ ಮೇಡಂ ಇಲ್ಲ ಎಂದರು. ಸಂಜೆ ಕಾಲೇಜಿನಲ್ಲಿ ನನಗೆ ರಾಜ್ಯಶಾಸ್ತ್ರ ಕಲಿಸಿದ ಮೇಷ್ಟ್ರು ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು, ಕನಿಕರದಿಂದ ಇಲ್ಲ ಎಂದರು. ಮೂರನೆಯವಳು ನಾನು ಮದುವೆಯಾಗಬೇಕಿರುವವಳು. ಅವಳು, "ಬರಿ. ಆದ್ರೆ ತಪ್ಪು ನಿನ್ನದೇ ಅಂತ ಮೊದಲೇ ಹೇಳ್ಬಿಡು, ಜನಕ್ಕೆ ಹುಡುಕೋ ಕಷ್ಟ ತಪ್ಪುತ್ತೆ" ಎಂದಳು. ಆದ್ದರಿಂದ ಮೊದಲೇ ಹೇಳುತ್ತೇನೆ, ತಪ್ಪು ನನ್ನದೇ. ಹಗಲೆಲ್ಲ ಕಡತ ಹೊತ್ತು ಸಂಜೆ ಓದಿದವನು ಸರ್ಕಾರ ನಿಲ್ಲುವುದು, ಬೀಳುವುದು ಎಂಬಂಥ ದೊಡ್ಡ ವಿಷಯಕ್ಕೆ ಬಾಯಿ ಹಾಕುತ್ತಿದ್ದೇನೆ. ದಯವಿಟ್ಟು ಕ್ಷಮಿಸಬೇಕು.

ನಾನು ನಮ್ಮ ನಗರಸಭೆಯಲ್ಲಿ ನಡಾವಳಿ ಬರೆಯುವ ಗುಮಾಸ್ತ. ಸಭೆಯಲ್ಲಿ ಯಾರು ಏನು ಹೇಳಿದರು, ಯಾರು ಕೈ ಎತ್ತಿದರು, ಯಾರು ಅರ್ಧ ಎತ್ತಿ ತಲೆ ಕೆರೆದುಕೊಂಡರು, ಎಲ್ಲವನ್ನೂ ಬರೆದುಕೊಳ್ಳುವವನು. ಹಂಗಾಮಿ ನೌಕರ. ಏಳು ವರ್ಷದಿಂದ ಹಂಗಾಮಿ. ಅದಕ್ಕೇ ಕಚೇರಿಯಲ್ಲಿ ಎಲ್ಲರೂ ನನ್ನನ್ನು ಕರಡು ಎಂದು ಕರೆಯುತ್ತಾರೆ. ನಾನು ಬರೆಯುವುದೂ ಕರಡೇ, ನಾನೂ ಇನ್ನೂ ಅಂತಿಮವಾಗಿಲ್ಲ.

ಹಂಗಾಮಿ ನೌಕರ ಕಾಯಂ ಆಗಲು ನಮ್ಮಲ್ಲಿ ಒಂದು ನಿಯಮವಿದೆ. ಅಧ್ಯಕ್ಷರು ಒಂದು ಸಲ "ಇವನ ಕೆಲಸ ನೋಡುತ್ತಿದ್ದೇನೆ" ಎಂದು ಸಹಿ ಹಾಕಬೇಕು. ಆರು ತಿಂಗಳಾದ ಮೇಲೆ ಅದೇ ಅಧ್ಯಕ್ಷರು ತುಂಬಿದ ಸಭೆಯಲ್ಲಿ "ತೃಪ್ತಿಯಾಗಿದೆ" ಎಂದು ಎರಡನೆಯ ಸಹಿ ಹಾಕಬೇಕು. ನಿಯಮ ಮಾಡಿದ ಪುಣ್ಯಾತ್ಮರು ಅಧ್ಯಕ್ಷರು ಆರು ತಿಂಗಳಾದರೂ ಇರುತ್ತಾರೆಂದು ನಂಬಿದ್ದರು. ಏಳು ವರ್ಷದಲ್ಲಿ ಹದಿನಾರು ಅಧ್ಯಕ್ಷರು ಬಂದು ಹೋದರು. ನನ್ನ ಹತ್ತಿರ ಹದಿನಾರು ಮೊದಲ ಸಹಿಗಳಿದ್ದವು, ಎರಡನೆಯದು ಒಂದೂ ಇಲ್ಲ.

ಅಧ್ಯಕ್ಷರು ಬೀಳುತ್ತಿದ್ದುದಕ್ಕೆ ಅವರ ಗುಣ ಕಾರಣವಲ್ಲ. ಸಭೆಯಲ್ಲಿ ಹದಿನೇಳು ಜನ. ಮೇಲಿನ ಬೀದಿಯವರು ಆರು, ಸೇತುವೆ ಕಡೆಯವರು ಆರು, ಯಾರ ಕಡೆಗೂ ಸೇರದೆ ಎಲ್ಲರ ಕಡೆಯ ಚಹವನ್ನೂ ಕುಡಿಯುವವರು ಐದು. ಇಳಿಸಲು ಒಂಬತ್ತು ಕೈ ಸಾಕು. ಇಳಿಸುವಾಗ ಯಾವ ಎರಡು ಗುಂಪು ಬೇಕಾದರೂ ಅಣ್ಣತಮ್ಮಂದಿರಂತೆ ಒಂದಾಗುತ್ತಿದ್ದವು. ಮರುದಿನ ಬೇರೊಬ್ಬರನ್ನು ಕೂರಿಸುವಾಗ ಒಬ್ಬರ ಮುಖ ಒಬ್ಬರಿಗಾಗುತ್ತಿರಲಿಲ್ಲ. ಅಧ್ಯಕ್ಷರು ಬದಲಾದರೆ ಹಳೆಯ ಅಧ್ಯಕ್ಷರ ಕಾಲದಲ್ಲಿ ತೀರ್ಮಾನವಾಗದೆ ಉಳಿದ ಕಡತಗಳೆಲ್ಲ ರದ್ದು. ರದ್ದಾದ ಕಡತವನ್ನು ಒಂದು ವರ್ಷ ಮತ್ತೆ ತರುವಂತಿಲ್ಲ. ಹೀಗಾಗಿ ಊರಿನಲ್ಲಿ ಅಧ್ಯಕ್ಷರೊಬ್ಬರನ್ನು ಬಿಟ್ಟು ಬೇರೇನೂ ಬದಲಾಗುತ್ತಿರಲಿಲ್ಲ.

ಇದರ ಬಿಸಿ ನನಗೆ ಮನೆಯ ಕಡೆಯಿಂದ ತಟ್ಟುತ್ತಿತ್ತು. ನಾನು ಮದುವೆಯಾಗಬೇಕಿರುವವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಕಾಲೇಜಿನ ಪಕ್ಕದ ತರಗತಿಯವಳು. ಅವಳ ತಂದೆ ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಮೊದಲ ಭೇಟಿಯಲ್ಲೇ ಅವರು ಹೇಳಿದ್ದರು: "ನೋಡಿ, ಮುದ್ರೆ ಬೀಳದ ತಕ್ಕಡೀನ ನಾನು ಅಂಗಡೀಲೇ ಇಡೋಕೆ ಬಿಟ್ಟವನಲ್ಲ. ಮನೆಯೊಳಗೆ ಬಿಟ್ಕೊಳ್ತೀನಾ?" ಹೋದ ವರ್ಷ ಗಡುವನ್ನೂ ಕೊಟ್ಟರು. ವರ್ಷ ಮುಗಿಯುವುದರೊಳಗೆ ಕಾಯಂ ಆದರೆ ಸರಿ, ಇಲ್ಲದಿದ್ದರೆ ಅವರು ಬೇರೆ ಕಡೆ ನೋಡುತ್ತಾರೆ.

ಅವಳು ಅಂಗಡಿಯ ಕಟ್ಟೆಯ ಹಿಂದೆ ನಿಂತು ಮಾತ್ರೆಯ ಪಟ್ಟಿಯ ತಾರೀಕು ನೋಡುತ್ತ ಹೇಳಿದಳು: "ಇದರ ಮೇಲೂ ತಾರೀಕಿದೆ, ನಿನ್ನ ಮೇಲೂ ತಾರೀಕಾಯ್ತು. ವ್ಯತ್ಯಾಸ ಅಂದ್ರೆ ಇದನ್ನ ವಾಪಸ್ ಕಳಿಸಿದ್ರೆ ಕಂಪನಿಯವರು ತಗೋತಾರೆ."

ಅದೇ ವಾರ ಮೇಷ್ಟ್ರು ತರಗತಿಯಲ್ಲಿ ಒಂದು ಮಾತು ಹೇಳಿದರು. ಕೆಲವು ದೇಶಗಳಲ್ಲಿ ಸರ್ಕಾರವನ್ನು ಬರೀ ಬೀಳಿಸಲು ಬಿಡುವುದಿಲ್ಲವಂತೆ. ಬೀಳಿಸುವವರು ಮುಂದೆ ಯಾರು ಎಂಬುದನ್ನೂ ಅದೇ ನಿರ್ಣಯದಲ್ಲಿ ಹೇಳಬೇಕಂತೆ. ಬೇಡ ಎನ್ನುವುದರಲ್ಲಿ ಒಂದಾಗುವವರು ಬೇಕು ಎನ್ನುವುದರಲ್ಲಿ ಒಂದಾಗುವುದು ಕಷ್ಟ. ಆದ್ದರಿಂದ ಸರ್ಕಾರ ನಿಲ್ಲುತ್ತದೆ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಬೇರೆಯವರು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದರು. ನಾನು ಅದನ್ನು ಎರಡು ಸಲ ಬರೆದುಕೊಂಡೆ.

ಮರುದಿನ ಊಟದ ಬಿಡುವಿನಲ್ಲಿ ಕರಡು ಮಾಡಿದೆ. "ಅಧ್ಯಕ್ಷರನ್ನು ಇಳಿಸುವ ನಿರ್ಣಯದಲ್ಲಿಯೇ ಆ ಸ್ಥಾನಕ್ಕೆ ಬರುವವರ ಹೆಸರು ಇರತಕ್ಕದ್ದು. ಹೆಸರಿಲ್ಲದ ನಿರ್ಣಯವನ್ನು ಸಭೆಯಲ್ಲಿ ತರುವಂತಿಲ್ಲ." ಎರಡೇ ವಾಕ್ಯ. ಹನ್ನೊಂದು ಸಲ ತಿದ್ದಿದೆ. ಹೆಡ್ ಕ್ಲರ್ಕ್ ಮೇಡಂ ಹತ್ತಿರ ಹೋಗಿ, ಇದರಲ್ಲಿ ನನ್ನ ಸ್ವಂತ ಲಾಭವೂ ಇದೆ, ಅದನ್ನು ಅಡಿಟಿಪ್ಪಣಿಯಲ್ಲಿ ಹಾಕಬೇಕೇ ಎಂದು ಕೇಳಿದೆ.

ಅವರು ಕನ್ನಡಕದ ಮೇಲಿಂದ ನೋಡಿದರು. "ಲೋ ಕರಡು, ಈ ಕಟ್ಟಡದಲ್ಲಿ ಲಾಭ ಇಲ್ಲದೆ ಯಾರೂ ಪೆನ್ನಿನ ಮುಚ್ಚಳ ತೆಗೆದಿಲ್ಲ. ನೀನೊಬ್ಬ ಅಡಿಟಿಪ್ಪಣಿ ಹಾಕ್ತೀಯಾ?"

ಆಗಷ್ಟೇ ಹದಿನೇಳನೆಯ ಅಧ್ಯಕ್ಷರು ಬಂದಿದ್ದರು. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವವರು, ಐವರು ಸ್ವತಂತ್ರರಲ್ಲಿ ಒಬ್ಬರು. ಯಾರಿಗೂ ಬೇಡದವರಲ್ಲ, ಯಾರಿಗೂ ಬೇಕಾದವರೂ ಅಲ್ಲ. "ಸದ್ಯಕ್ಕೆ ಇವರಿರಲಿ" ಎಂದು ಒಂಬತ್ತು ಮತಗಳಿಂದ ಕೂರಿಸಿದ್ದರು. ಮೊದಲ ವಾರವೇ ನನಗೆ ಮೊದಲ ಸಹಿ ಹಾಕಿಕೊಟ್ಟರು. ಮೇಡಂ ಸಭೆಯ ಮುಂದಿಟ್ಟ ನನ್ನ ನಿಯಮವೂ ಆಗಲೇ ಪಾಸಾಯಿತು. ಮುಂದಿನ ಅಧ್ಯಕ್ಷ ತಮ್ಮವನೇ, ಅವನನ್ನು ಇದು ಕಾಯುತ್ತದೆ ಎಂದು ಮೇಲಿನ ಬೀದಿಯವರು ಲೆಕ್ಕ ಹಾಕಿದರು. ಸೇತುವೆ ಕಡೆಯವರೂ ಅದನ್ನೇ ಹಾಕಿದರು. ಈಗ ಕೂತಿರುವವರನ್ನೂ ಅದು ಕಾಯುತ್ತದೆಂದು ಯಾರಿಗೂ ಹೊಳೆಯಲಿಲ್ಲ.

ಎರಡು ತಿಂಗಳ ನಂತರ ಹೊಳೆಯಿತು. ಇಳಿಸಲು ಕ್ಯಾಂಟೀನಿನಲ್ಲಿ ಸೇರಿದರು. ಮೇಲಿನ ಬೀದಿಯ ಮುಖಂಡರು ಹಲ್ಲಿನ ಡಾಕ್ಟರು, ಸೇತುವೆ ಕಡೆಯ ಮುಖಂಡರು ಲಾರಿ ಮಾಲೀಕರು. ನಾನು ಪಕ್ಕದ ಮೇಜಿನಲ್ಲಿದ್ದೆ.

"ನಮ್ಮವರ ಹೆಸರು ಬರೀರಿ" ಎಂದರು ಡಾಕ್ಟರು.

"ನಿಮ್ಮವರ ಹೆಸರಾ? ಅದಕ್ಕಿಂತ ನೀವು ನನ್ನ ಒಂದು ಹಲ್ಲು ಕೀಳ್ರಿ, ಮದ್ದು ಕೊಡದೇನೇ."

"ಕೀಳೋಕೆ ಬಾಯಿ ಮುಚ್ಚಿರ್ಬಾರ್ದು, ತೆಗೀಬೇಕು. ನಿಮಗೆ ಅದೇನೂ ಕಷ್ಟ ಇಲ್ಲ ಬಿಡಿ."

ಚಹ ಆರಿತು. ಹೆಸರು ಬರಲಿಲ್ಲ. ಮೂರನೆಯ ತಿಂಗಳೂ ಬರಲಿಲ್ಲ. ಕನ್ನಡಕದವರು ಅಲುಗಾಡಲಿಲ್ಲ. ನಮ್ಮ ಕಚೇರಿಯಲ್ಲಿ ಅಧ್ಯಕ್ಷರ ಕೋಣೆಯ ಹೆಸರುಫಲಕಕ್ಕೆ ಯಾವಾಗಲೂ ಸೀಮೆಸುಣ್ಣದಲ್ಲೇ ಬರೆಯುತ್ತಿದ್ದರು. ನಾಲ್ಕನೆಯ ತಿಂಗಳು ಬಣ್ಣದಲ್ಲಿ ಬರೆಸಿದರು. ನಾನು ಕ್ಯಾಲೆಂಡರಿನಲ್ಲಿ ದಿನ ಹೊಡೆಯುತ್ತಿದ್ದೆ.

ಮೇಷ್ಟ್ರು ಇನ್ನೊಂದು ಮಾತನ್ನೂ ಹೇಳಿದ್ದರು. ಬೀಳುವ ಭಯ ಹೋದವರಿಗೆ ಏನಾದರೂ ಮಾಡುವ ಧೈರ್ಯ ಬರಬಹುದು ಎಂದು. ಅದನ್ನು ನಾನು ಒಂದೇ ಸಲ ಬರೆದುಕೊಂಡಿದ್ದೆ.

ಐದನೆಯ ತಿಂಗಳಲ್ಲಿ ಅಧ್ಯಕ್ಷರು ನನ್ನನ್ನು ಕರೆದರು. "ಕರಡು, ಈಗ ನನ್ನನ್ನ ಯಾರೂ ಇಳಿಸೋಕಾಗಲ್ಲ ಅಲ್ವಾ?"

"ಹೆಸರು ಒಪ್ಪಿದ್ರೆ ಆಗುತ್ತೆ ಸಾರ್."

"ಅವ್ರು ಒಪ್ಪೋ ಹೊತ್ತಿಗೆ ನನಗೆ ಎರಡೂ ಕಣ್ಣಿಗೆ ಪೊರೆ ಬಂದಿರುತ್ತೆ. ಕೂತ್ಕೊಳ್ಳಿ, ಬರ್ಕೊಳ್ಳಿ. ಹನ್ನೊಂದು ಕಿಟಕಿ ಮುಚ್ತೀನಿ. ಒಂದೇ ಕಿಟಕಿ."

ನಮ್ಮಲ್ಲಿ ನಲ್ಲಿ ಸಂಪರ್ಕಕ್ಕಾಗಲಿ, ಮನೆಯ ಮೇಲೊಂದು ಕೋಣೆ ಹಾಕಲಿಕ್ಕಾಗಲಿ ಅರ್ಜಿ ಹನ್ನೊಂದು ಕಿಟಕಿಗಳಲ್ಲಿ ಹಾಯಬೇಕು. ಮೊದಲನೆಯ ಕಿಟಕಿಯಲ್ಲಿ ಅರ್ಜಿ ಕೊಡುತ್ತಾರೆ, ಎರಡನೆಯದರಲ್ಲಿ ಅದು ಮೊದಲನೆಯದರಲ್ಲಿ ಕೊಟ್ಟಿದ್ದೇ ಹೌದೋ ಎಂದು ನೋಡುತ್ತಾರೆ. ಏಳನೆಯ ಕಿಟಕಿಯ ಕೆಲಸವೇನೆಂದು ಅಲ್ಲಿ ಕೂರುವವರಿಗೂ ಗೊತ್ತಿಲ್ಲ. ಅವರು ಒಂದು ಮುದ್ರೆ ಒತ್ತುತ್ತಾರೆ. ಆ ಮೊಗಸಾಲೆಯಲ್ಲಿ ಮುದುಕರು ಗೋಡೆಗೆ ಒರಗಿ ನಿಂತು, ಗೋಡೆಯ ಬಣ್ಣ ಹೆಗಲೆತ್ತರದಲ್ಲಿ ಸವೆದುಹೋಗಿದೆ. ಒಂದೇ ಕಿಟಕಿ ಒಳ್ಳೆಯ ಯೋಜನೆ. ನಾನು ಪ್ರಾಮಾಣಿಕವಾಗಿ ಒಳ್ಳೆಯದೆಂದುಕೊಂಡೇ ಬರೆದುಕೊಂಡೆ, ಕೊನೆಯ ಪುಟ ಬರುವ ತನಕ. ಕೊನೆಯ ಪುಟದಲ್ಲಿ, ಉಳಿತಾಯಕ್ಕಾಗಿ ರದ್ದಾಗುವ ಹಂಗಾಮಿ ಹುದ್ದೆಗಳ ಪಟ್ಟಿಯಿತ್ತು. ಒಂಬತ್ತನೆಯದು, ನಡಾವಳಿ ಗುಮಾಸ್ತ. ಕಾಯಂ ನೌಕರರಿಗೆ ಇದು ಅನ್ವಯಿಸುವುದಿಲ್ಲ ಎಂದು ಕೆಳಗೆ ಬರೆದಿತ್ತು.

ಅಧ್ಯಕ್ಷರು ಆ ಪಟ್ಟಿಯನ್ನು ತಿಳಿದೇ ಬರೆಸಿದರೋ, ಯಾರೋ ಕೊಟ್ಟ ಹಾಳೆಯನ್ನು ಹಾಗೇ ಬರೆಸಿದರೋ ತಿಳಿಯಲಿಲ್ಲ. ನಾನು ನನ್ನ ಹುದ್ದೆಯನ್ನೂ ಅಂದವಾಗಿ ಟೈಪು ಮಾಡಿಕೊಟ್ಟೆ.

ಆ ಯೋಜನೆ ಬರುವ ಸಭೆಯ ದಿನವೇ ನನ್ನ ಆರು ತಿಂಗಳು ಮುಗಿಯುತ್ತಿತ್ತು. ವರ್ಷ ಮುಗಿಯುವ ಮುನ್ನ ಅದೇ ಕೊನೆಯ ಸಭೆ. ಕಾರ್ಯಸೂಚಿ ಬರೆಯುವವನು ನಾನೇ. ನನ್ನ ಸಹಿಯನ್ನು ಮೊದಲು ಹಾಕಿಕೊಂಡರೆ ನಾನು ಕಾಯಂ, ಆಮೇಲೆ ಕಿಟಕಿಗಳು ಮುಚ್ಚಿದರೂ ಚಿಂತೆಯಿಲ್ಲ. ಇದು ಯಾರಿಗಾದರೂ ಅರ್ಥವಾಗುವ ಲೆಕ್ಕ. ನಾನು ಎರಡು ದಿನ ಒದ್ದಾಡಿದೆ. ನನ್ನ ವಿಷಯವನ್ನು ನನ್ನ ಕೈಯಿಂದಲೇ ಎಲ್ಲಕ್ಕಿಂತ ಮೇಲೆ ಬರೆಯುವುದು ನಾಚಿಕೆಗೇಡು ಅನ್ನಿಸಿತು. ಸ್ವಂತ ಲಾಭದ ನಿಯಮ ಬರೆದದ್ದೇ ಮನಸ್ಸಿನಲ್ಲಿ ಮುಳ್ಳಾಗಿತ್ತು. ಒಂದೇ ಕಿಟಕಿಯನ್ನು ನಾಲ್ಕನೆಯದಾಗಿ ಹಾಕಿದೆ, ನನ್ನದನ್ನು ಕೊನೆಗೆ, ಒಂಬತ್ತನೆಯದಾಗಿ.

ಹೆಡ್ ಕ್ಲರ್ಕ್ ಮೇಡಂ ಹಾಳೆಯ ಮೇಲೆ ನಾಲ್ಕರಿಂದ ಒಂಬತ್ತಕ್ಕೆ ಬೆರಳು ಎಳೆದರು. "ನಾಲ್ಕನೇದರಲ್ಲಿ ನಿನ್ನ ಕೆಲಸ ಹೋಗುತ್ತೆ. ಒಂಬತ್ತನೇದರಲ್ಲಿ ಇಲ್ಲದಿರೋ ಕೆಲಸ ಕಾಯಂ ಮಾಡಿಸ್ಕೊಳ್ತೀಯಾ?"

"ಐದು ನಿಮಿಷದ ಮಾತು ಮೇಡಂ. ಯೋಜನೆ ಮುಂದಿನ ತಿಂಗಳಿಂದ ತಾನೇ ಜಾರಿಗೆ ಬರೋದು."

"ನಿನಗೆ ಒಳ್ಳೇತನ ಅಲ್ಲ ಕಣೋ ಇರೋದು, ಕಾಯಿಲೆ."

ಔಷಧಿ ಅಂಗಡಿಯಲ್ಲೂ ಅದೇ ಮಾತು ಬಂತು. "ಇದಕ್ಕೆ ನಮ್ಮಲ್ಲಿ ಮಾತ್ರೆ ಇಲ್ಲ," ಎಂದಳು ಅವಳು. "ಇದ್ದಿದ್ರೆ ನಿನಗೆ ಪುಕ್ಕಟೆ ಕೊಡ್ತಿದ್ದೆ." ಆಮೇಲೆ ಗಿರಾಕಿ ಹೋದ ಮೇಲೆ ಮೆಲ್ಲಗೆ, "ಹೋಗಿ ಬದಲಾಯಿಸಿ ಬಾ. ನಾನು ಬೇಡ್ಕೋತಿದೀನಿ" ಎಂದಳು. ಅವಳು ಬೇಡಿಕೊಂಡದ್ದು ಅದೇ ಮೊದಲು. ನಾನು ಓಡಿದೆ. ಅಷ್ಟರಲ್ಲಿ ಕಾರ್ಯಸೂಚಿಗೆ ಮುದ್ರೆ ಬಿದ್ದು ಹದಿನೇಳು ಮನೆಗಳಿಗೆ ಹೋಗಿಯಾಗಿತ್ತು.

ಸಭೆಯ ದಿನ ಮೊದಲ ಮೂರು ವಿಷಯ ಎಂಟು ನಿಮಿಷದಲ್ಲಿ ಮುಗಿದವು. ನಾಲ್ಕನೆಯದನ್ನು ಓದುತ್ತಿದ್ದಂತೆ ಹಲ್ಲಿನ ಡಾಕ್ಟರು ಎದ್ದರು. ಹನ್ನೊಂದು ಕಿಟಕಿಗಳಲ್ಲಿ ಐದರ ಹಿಂದೆ ಮೇಲಿನ ಬೀದಿಯವರ ನೆಂಟರಿದ್ದರು, ಐದರ ಹಿಂದೆ ಸೇತುವೆ ಕಡೆಯವರ ನೆಂಟರು. ಏಳನೆಯದರಲ್ಲಿರುವವರು ಇಬ್ಬರಿಗೂ ನೆಂಟರು.

"ಅಧ್ಯಕ್ಷರನ್ನು ಇಳಿಸುವ ನಿರ್ಣಯ ತರ್ತಾ ಇದೀನಿ" ಎಂದರು ಡಾಕ್ಟರು. ಇಳಿಸುವ ನಿರ್ಣಯ ಬಂದರೆ ಉಳಿದದ್ದೆಲ್ಲ ನಿಲ್ಲಬೇಕು.

"ಹೆಸರು ಬೇಕು" ಎಂದರು ಮೇಡಂ.

"ಇದೆ. ಇಬ್ಬರೂ ಒಪ್ಪಿದೀವಿ." ಲಾರಿ ಮಾಲೀಕರು ತಲೆಯಾಡಿಸಿದರು. ಡಾಕ್ಟರು ಚೀಟಿ ಬಿಡಿಸಿ ಓದಿದರು. ಅದರಲ್ಲಿದ್ದದ್ದು ಕನ್ನಡಕದವರ ಹೆಸರೇ.

"ಅದು ನಾನೇ" ಎಂದರು ಅಧ್ಯಕ್ಷರು.

"ಹೌದು ಸಾರ್. ನಿಮ್ಮನ್ನು ಇಳಿಸಿ ನಿಮ್ಮನ್ನೇ ಕೂರಿಸ್ತೀವಿ."

"ಹಾಗೆ ಮಾಡೋಕೆ ಬರುತ್ತೇನ್ರೀ?"

"ಬೇರೆಯವರ ಹೆಸರೇ ಇರ್ಬೇಕು ಅಂತ ನಿಯಮದಲ್ಲಿ ಎಲ್ಲಿದೆ, ಓದಿಸಿ ನೋಡೋಣ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನಿಯಮವನ್ನು ಗಟ್ಟಿಯಾಗಿ ಓದಿದೆ. ಬೇರೆಯವರು ಎಂಬ ಮಾತಿರಲಿಲ್ಲ. ಇನ್ನೊಮ್ಮೆ ನಿಧಾನವಾಗಿ ಓದಿದೆ. ಮೂರನೆಯ ಸಲ ಓದಿದ್ದು ಬರೀ ಆಸೆಯಿಂದ. ಹನ್ನೊಂದು ಸಲ ತಿದ್ದುವಾಗ ಯಾರನ್ನಾದರೂ ಇಳಿಸಿ ಅವರನ್ನೇ ಕೂರಿಸುವಷ್ಟು ಜಾಣರು ಭೂಮಿಯ ಮೇಲಿದ್ದಾರೆಂದು ನನಗೆ ತೋರಿರಲಿಲ್ಲ.

ಅಷ್ಟು ಹೊತ್ತಿಗೆ ನನಗೆ ಅವರ ಆಟ ತಿಳಿದಿತ್ತು. ಯೋಜನೆಯನ್ನು ಮತ ಹಾಕಿ ಸೋಲಿಸಿದರೆ ಮುಂದಿನ ತಿಂಗಳೇ ಮತ್ತೆ ತರಬಹುದು, ಅಧ್ಯಕ್ಷರು ಬದಲಾದರೆ ಕಡತ ಒಂದು ವರ್ಷ ರದ್ದು. ಕುರ್ಚಿಯ ಮೇಲಿನ ಮನುಷ್ಯ ಹಾಗೇ ಇದ್ದು, ಕಡತವೊಂದೇ ಸಾಯಬೇಕು. ಅಧ್ಯಕ್ಷರಿಗೂ ತಿಳಿಯುತ್ತದೆ, ಈಗ ಕೆರಳುತ್ತಾರೆ ಎಂದು ನಾನು ಕಾದೆ. ಮೇಡಂ ಕೈ ಎತ್ತಲು ಹೇಳಿದರು. ಹದಿನಾರು ಕೈ ಎದ್ದವು. ಒಂಬತ್ತು ಮತಗಳಿಂದ ಬಂದಿದ್ದವರು ಆ ಹದಿನಾರು ಕೈಗಳನ್ನು ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ನೋಡಿದರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ತಮ್ಮ ಕೈಯನ್ನೂ ಎತ್ತಿದರು. ತಮ್ಮ ಪದಚ್ಯುತಿಗೆ ತಾವೇ. ಸರ್ವಾನುಮತ ಎಂದು ಬರೆದುಕೊಂಡೆ. ನಮ್ಮ ಸಭೆಯ ಪುಸ್ತಕದಲ್ಲಿ ಆ ಪದ ನಾನು ಬರೆದದ್ದು ಅದೇ ಮೊದಲು.

ಕುರ್ಚಿ ತೆರವಾಗಬೇಕು ಎಂದರು ಮೇಡಂ. ಅಧ್ಯಕ್ಷರು ಎದ್ದು, ಮೇಜಿಗೆ ಒಂದು ಸುತ್ತು ಹಾಕಿ, ಬಂದು ಕೂತರು. ಹದಿನೆಂಟನೆಯ ಅಧ್ಯಕ್ಷರು. ಚಪ್ಪಾಳೆಯಾಯಿತು. ಒಂದೇ ಕಿಟಕಿ ಸತ್ತಿತು. ಒಂಬತ್ತನೆಯ ವಿಷಯವೂ ಅದರ ಜೊತೆಗೇ ಹೋಯಿತು. ನನ್ನದು ಮೊದಲನೆಯದಾಗಿದ್ದರೆ ಆ ಎಂಟು ನಿಮಿಷದಲ್ಲಿ ಮುಗಿದಿರುತ್ತಿತ್ತು. ಇದನ್ನು ನನಗೆ ಯಾರೂ ವಿವರಿಸಬೇಕಿರಲಿಲ್ಲ, ಆದರೂ ಕಚೇರಿಯಲ್ಲಿ ಪ್ರತಿಯೊಬ್ಬರೂ ಬಂದು ವಿವರಿಸಿದರು.

ಆ ಭಾನುವಾರ ಅವಳ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅವಳ ತಂದೆ, ಅವರ ಅಕ್ಕ, ತಂಗಿ ಸಾಲಾಗಿ ಕೂತಿದ್ದರು. ಆ ಮನೆಯಲ್ಲಿ ಮೂವರೂ ಒಪ್ಪದೆ ಏನೂ ಆಗುವುದಿಲ್ಲ. ಹಜಾರದ ಪರದೆಯ ಬಣ್ಣ ನಾಲ್ಕು ವರ್ಷದಿಂದ ತೀರ್ಮಾನವಾಗದೆ ಕಿಟಕಿಗಳು ಬೋಳಾಗಿಯೇ ಇವೆ.

"ಗಡುವು ಮುಗೀತು" ಎಂದರು ಅವಳ ತಂದೆ. ಕೋಪವಿರಲಿಲ್ಲ, ತೂಕ ಓದಿ ಹೇಳುವ ದನಿಯಿತ್ತು. "ನೀವು ಒಳ್ಳೆಯವರೇ. ಆದ್ರೆ ಮುದ್ರೆ ಬೀಳ್ಲಿಲ್ಲ. ನಮಗೆ ಈ ಸಂಬಂಧ ಬೇಡ."

ಇಬ್ಬರು ಅತ್ತೆಯರೂ ಬೇಡ ಎಂದು ತಲೆಯಾಡಿಸಿದರು. ನಾನು ಏಳಲು ಹೊರಟೆ.

ಅವಳು ಅಂಗಡಿಯ ಬಿಳಿ ಕೋಟಿನಲ್ಲೇ ಬಾಗಿಲಲ್ಲಿ ನಿಂತಿದ್ದಳು. "ಅಪ್ಪಾ, ಬೇಡ ಅನ್ನೋದು ಸರಿ. ಯಾರು ಬೇಕು ಅಂತ ಈಗಲೇ ಹೇಳಿ. ಮೂವರೂ ಸೇರಿ ಒಂದೇ ಹೆಸರು. ಹೇಳಿದ್ರೆ ನಾನು ಮರುಮಾತಾಡದೆ ಒಪ್ಕೋತೀನಿ."

ಅರ್ಧ ಎದ್ದಿದ್ದ ನಾನು ಹೆದರಿ ಮತ್ತೆ ಕೂತೆ. ಅವಳಿಗೆ ತನ್ನ ಮನೆಯವರು ಗೊತ್ತು, ನನಗೆ ಅಷ್ಟು ಗೊತ್ತಿರಲಿಲ್ಲ.

"ಆ ಸರ್ವೆ ಆಫೀಸಿನ ಹುಡುಗ ಇದಾನಲ್ಲ" ಎಂದರು ದೊಡ್ಡತ್ತೆ.

"ಅವನಾ? ಊಟ ಮಾಡುವಾಗ ಸದ್ದು ಮಾಡ್ತಾನೆ" ಎಂದರು ಚಿಕ್ಕತ್ತೆ. "ನಮ್ಮ ಪಕ್ಕದ ಮನೆ ಇಂಜಿನಿಯರು..."

"ಅವನ ಎತ್ತರ ಐದು ಅಡಿ ಏಳು ಅಂತ ಬರೆದಿದ್ರು" ಎಂದರು ಅವಳ ತಂದೆ. "ಐದೂವರೆ ದಾಟಲ್ಲ. ಬಾಗಿಲ ಚೌಕಟ್ಟಿಗೆ ಹೋಲಿಸಿ ನೋಡಿದೀನಿ. ಎತ್ತರದಲ್ಲೇ ಮೋಸ ಮಾಡೋನು ಇನ್ನೆಲ್ಲಿ ಬಿಡ್ತಾನೆ?"

"ನಿನಗೆ ಎಲ್ಲರಲ್ಲೂ ಒಂದಿಂಚು ಕಮ್ಮಿ ಕಾಣುತ್ತೆ ಕಣೋ ತಮ್ಮಾ. ಅದಕ್ಕೇ ಇವಳು ಇನ್ನೂ ಮನೇಲಿರೋದು" ಎಂದರು ದೊಡ್ಡತ್ತೆ.

"ನೀನು ತೋರಿಸಿದ ಹುಡುಗರೆಲ್ಲ ನಿನ್ನ ಗಂಡನ ಕಡೆಯವರೇ ಅಲ್ವೇನಕ್ಕ?" ಎಂದರು ಚಿಕ್ಕತ್ತೆ.

ಮುಕ್ಕಾಲು ಗಂಟೆ ನಡೆಯಿತು. ನಾನು ಅಭ್ಯಾಸಬಲದಿಂದ ಜೇಬಿನ ಕಾಗದದಲ್ಲಿ ಬರೆದುಕೊಳ್ಳುತ್ತಿದ್ದೆ. ಅವಳು ಕಣ್ಣಲ್ಲೇ ಗದರಿದ ಮೇಲೆ ನಿಲ್ಲಿಸಿದೆ. ಏಳು ಹೆಸರು ಬಂದವು, ಏಳೂ ಬಿದ್ದವು. ಕೊನೆಗೆ ಅವಳ ತಂದೆ ದಣಿದು ನನ್ನನ್ನು ನೋಡಿದರು.

"ಸರಿ. ಬೇರೆ ಹೆಸರು ಸಿಗೋವರೆಗೆ ಇವರೇ ಇರ್ಲಿ."

"ಹಾಗಾದ್ರೆ ಮುಂದಿನ ತಿಂಗಳು ಹನ್ನೆರಡಕ್ಕೆ ರಿಜಿಸ್ಟ್ರಾರ್ ಆಫೀಸಿಗೆ ಹೋಗ್ತೀವಿ" ಎಂದಳು ಅವಳು. "ಅಷ್ಟರೊಳಗೆ ಮೂವರೂ ಒಪ್ಪೋ ಹೆಸರು ಸಿಕ್ರೆ ತಿಳಿಸಿ."

ಮದುವೆಯ ದಿನ ಹೀಗೆ ಗೊತ್ತಾಯಿತು. ನಾನು ಸಂತೋಷಪಡಬೇಕಿತ್ತು, ಪಟ್ಟೆ ಕೂಡ. ಆದರೂ ಅವಳ ಜೊತೆ ಬೀದಿಯ ತುದಿಯವರೆಗೆ ನಡೆಯುವಾಗ ಒಂದು ಹೊಸ ಚಿಂತೆ ಹುಟ್ಟಿತು. ಅವಳಿಗೆ ನಾನು ಬೇಕೆಂದು ಗೊತ್ತು, ಆದರೆ ಆ ಮೂವರಿಗೆ? ಕೇಳಿದ್ದಕ್ಕೆ ಅವಳು, "ಆ ಮೂವರಿಗೆ ನಾನೂ ಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ, ಸುಮ್ನೆ ಬಾ" ಎಂದಳು.

ಇನ್ನು ಕೆಲಸದ ವಿಷಯ. ಮೇಡಂ ನನಗಾಗಿ ಮೇಲಿನ ಕಚೇರಿಗೆ ಪತ್ರ ಬರೆದರು. ಮನುಷ್ಯರು ಒಬ್ಬರೇ ಆದ್ದರಿಂದ ಆರು ತಿಂಗಳು ತುಂಬಿದಂತಲ್ಲವೇ, ಇವನಿಗೆ ಎರಡನೆಯ ಸಹಿ ಹಾಕಬಹುದೇ ಎಂದು. ಅಲ್ಲಿಂದ ಉತ್ತರ ಬಂತು: "ಹದಿನೇಳನೆಯ ಅಧ್ಯಕ್ಷರೂ ಹದಿನೆಂಟನೆಯ ಅಧ್ಯಕ್ಷರೂ ಒಬ್ಬರೇ ಹೌದೋ ಅಲ್ಲವೋ, ಸಭೆಯ ನಿರ್ಣಯದ ಮೂಲಕ ತಿಳಿಸತಕ್ಕದ್ದು."

ಪತ್ರವನ್ನು ಸಭೆಯಲ್ಲಿಟ್ಟರು. ಅಲ್ಲ ಎಂದು ಬರೆದು ಮುಗಿಸೋಣ ಎಂದು ಡಾಕ್ಟರು ಎದ್ದರು, ಅಷ್ಟರಲ್ಲಿ ಅವರಿಗೇ ಏನೋ ನೆನಪಾಗಿ ಕೂತರು. ಮೇಲಿನ ಬೀದಿಯ ಚರಂಡಿಯ ಕಡತವೂ ಹದಿನೇಳನೆಯವರ ಕಾಲದ್ದೇ. ಅಧ್ಯಕ್ಷರು ಬೇರೆ ಎಂದರೆ ಅದೂ ರದ್ದು. ಸೇತುವೆ ಕಡೆಯ ದೀಪದ ಕಂಬಗಳ ಕತೆಯೂ ಅಷ್ಟೇ. ಒಬ್ಬರೇ ಎಂದರೆ ಚರಂಡಿಯೂ ದೀಪವೂ ಉಳಿಯುತ್ತವೆ, ಆದರೆ ಒಂದೇ ಕಿಟಕಿಯೂ ಎದ್ದು ಕೂರುತ್ತದೆ, ನಾನೂ ಕಾಯಂ ಆಗುತ್ತೇನೆ. ವಿಷಯವನ್ನು ಮುಂದೂಡಿದರು. ಮದುವೆಯ ದಿನ ಇನ್ನೂ ಬಂದಿಲ್ಲ, ಅಷ್ಟರಲ್ಲೇ ಮೂರು ಸಲ ಮುಂದೂಡಿದ್ದಾರೆ. ಎರಡೂ ಬಗೆಯ ಉತ್ತರದ ಕರಡನ್ನು ಸಿದ್ಧವಾಗಿಡಲು ನನಗೇ ಹೇಳಿದ್ದಾರೆ. ಎರಡನ್ನೂ ಅಷ್ಟೇ ನಿಷ್ಠೆಯಿಂದ ಬರೆದಿದ್ದೇನೆ.

ನಿಯಮ ಬರೆದದ್ದು ಊರಿಗಾಗಿಯೋ ನನಗಾಗಿಯೋ ಎಂದು ನನ್ನನ್ನೇ ಕೇಳಿಕೊಂಡರೆ, ಪ್ರತಿ ಸಲವೂ ಉತ್ತರ ಸ್ವಲ್ಪ ಬೇರೆಯಾಗಿ ಬರುತ್ತದೆ. ನಿಯಮ ಬಂದ ಮೇಲೆ ಅಧ್ಯಕ್ಷರು ನಿಂತರು ಎಂಬುದು ನಿಜ. ನಿಂತದ್ದರಿಂದ ಒಂದು ಒಳ್ಳೆಯ ಕೆಲಸಕ್ಕೆ ಕೈಹಾಕಿದ್ದೂ ನಿಜ, ಅದೇ ನಿಯಮದ ಸಂದಿಯಲ್ಲಿ ಆ ಕೆಲಸ ಸತ್ತದ್ದೂ ನಿಜ. ಮೇಷ್ಟ್ರನ್ನು ಕೇಳಿದೆ. ಅವರು ಪುಸ್ತಕ ತಿರುವಿ ನೋಡಿ, ಇದು ಪಠ್ಯದಲ್ಲಿಲ್ಲ ಎಂದರು.

ಕನ್ನಡಕದವರು ಆ ದಿನ ಕೈ ಎತ್ತುವಾಗ ತಮ್ಮ ಯೋಜನೆ ಸಾಯುತ್ತಿದೆಯೆಂದು ತಿಳಿದೇ ಎತ್ತಿದರೋ, ಹದಿನಾರು ಕೈಗಳ ಸಂತೋಷದಲ್ಲಿ ಮರೆತರೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವಾಗಿಲ್ಲ. ನಾನು ಈಗ ಕಾಯಂ ನೌಕರನೋ ಹಂಗಾಮಿಯೋ, ಅದೂ ಗೊತ್ತಿಲ್ಲ.